ಹಾವರಾಣಿ ಸಾಕಿದವಳು

ಅವಳು ತಾನಾಗಿ ಮನೆ ಬಿಡಲಿಲ್ಲ. ನನ್ನ ಮಗ ಬಿಡಿಸಿದ. ಕೆಲಸದ ಸಲುವಾಗಿ ಹ್ಯಾಮಿಲ್ಟನ್ ಊರಿಗೆ ಹೋದಳು ಎಂದು ನಮ್ಮವರು ಇಷ್ಟು ದಿನ ಹೇಳಿಕೊಂಡು ಬಂದದ್ದು ಸುಳ್ಳು. ಹೋದ ತಿಂಗಳು ಅವಳು ಅಲ್ಲೇ ಕಾಯಿಲೆಯಾಗಿ ತೀರಿಕೊಂಡ ಸುದ್ದಿ ಬಂತು. ಕನ್ನಡ ಕೂಟದ ಸಭೆಯಲ್ಲಿ ಎಲ್ಲರೂ ಸ್ವಲ್ಪ ಹೊತ್ತು ಎದ್ದು ನಿಂತರು, ಆಮೇಲೆ ಕೂತರು, ಆಮೇಲೆ ಅದೇ ಸುಳ್ಳನ್ನು ಇನ್ನೊಮ್ಮೆ ಮೈಕಿನಲ್ಲಿ ಹೇಳಿದರು. ‘ಸ್ವತಂತ್ರ ಸ್ವಭಾವದ ಹೆಣ್ಣುಮಗಳು, ಒಂದು ಕಡೆ ನಿಲ್ಲುವವಳಲ್ಲ’ ಎಂದರು. ನಿಲ್ಲಲು ಜಾಗ ಕೊಟ್ಟಿದ್ದರೆ ನಿಲ್ಲುತ್ತಿದ್ದಳು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ಮಗ. ಅವನು ತನ್ನ ಬೂಟು ನೋಡುತ್ತಿದ್ದ. ನಾನೂ ಅವನ ಬೂಟನ್ನೇ ನೋಡುತ್ತಿದ್ದೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವುದು ರೂಢಿಯಿಲ್ಲ. ಆದರೆ ಮೈಕಿನಲ್ಲಿ ಹೇಳಿದ ಆ ಹೆಣ್ಣುಮಗಳು ಯಾರೋ ನನಗೆ ಗೊತ್ತಾಗಲಿಲ್ಲ. ನಾನು ಕಂಡವಳು ಬೇರೆ. ಅವಳ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವಳ ಹೆಸರನ್ನು ನಮ್ಮವರು ಬೇಕಾದಷ್ಟು ಹಿಡಿದು ಎಳೆದಿದ್ದಾರೆ.

ನಮ್ಮ ಮನೆ ಈ ಪರದೇಶದ ಪಾಪಟೋಟೊಯಿ ಎಂಬ ಊರಲ್ಲಿ, ರೈಲು ಹಳಿಯ ಹತ್ತಿರ. ಮಗ ವಿಮಾನದ ಯಂತ್ರ ರಿಪೇರಿ ಮಾಡುವ ಕಡೆ ಕೆಲಸಕ್ಕಿದ್ದಾನೆ, ಸೊಸೆ ಔಷಧಿ ಅಂಗಡಿಯಲ್ಲಿ. ನಮ್ಮದು ಬಾಗಲಕೋಟೆ ಕಡೆ, ಸೊಸೆಯದು ಹುಬ್ಬಳ್ಳಿ. ಯಜಮಾನರು ಹೋದ ಮೇಲೆ ಮಗ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದ. ಮನೆಯ ಹಿಂದೆ ಹಿತ್ತಲಲ್ಲಿ ಒಂದು ಬೇರೆ ಕೋಣೆಯಿದೆ. ಇಲ್ಲಿಯವರು ಅದಕ್ಕೆ ಸ್ಲೀಪ್‌ಔಟ್ ಅನ್ನುತ್ತಾರೆ. ಅದನ್ನು ಬಾಡಿಗೆಗೆ ಕೇಳಿಕೊಂಡು ಅವಳು ಒಂದು ಶನಿವಾರ ಬಂದಳು. ವಿಮಾನ ನಿಲ್ದಾಣದ ಹತ್ತಿರ ಸರಕು ಸಾಗಿಸುವ ಕಂಪನಿಯಲ್ಲಿ ಕೆಲಸ, ಮೈಮೇಲೆ ಕಿತ್ತಳೆ ಬಣ್ಣದ ಮಿಂಚುವ ಕೋಟು, ಕೂದಲು ಕಿವಿಯ ತನಕ ಕತ್ತರಿಸಿದ್ದು. ನಲವತ್ತರ ಹತ್ತಿರದವಳು, ಮೈಸೂರಿನವಳು.

ಬಾಡಿಗೆಗೆ ಬಂದವರು ಬಚ್ಚಲು ನೋಡುತ್ತಾರೆ, ಒಲೆ ನೋಡುತ್ತಾರೆ. ಇವಳು ಗೋಡೆ ನೋಡುತ್ತ ಹೋದಳು.

“ಆಂಟಿ, ಇಲ್ಲಿ ಪ್ಲಗ್ ಪಾಯಿಂಟ್ ಎಷ್ಟಿದೆ?”

“ಆಂಟಿ ಅನಬ್ಯಾಡ. ಅಜ್ಜಿ ಅನ್ನು. ಪ್ಲಗ್ ಯಾಕ ಬೇಕು ಅಷ್ಟು?”

“ಪ್ರಾಣಿ ಇದಾವೆ ಅಜ್ಜಿ. ಅವಕ್ಕೆ ಬಿಸಿ ಬೇಕು.”

“ನಾಯಿಯೋ ಬೆಕ್ಕೋ?”

“ಎರಡೂ ಅಲ್ಲ” ಎಂದು ಭುಜ ಕುಣಿಸಿದಳು. ನಗುವಾಗ ಅವಳಿಗೆ ಸದ್ದು ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು. ಅದು ನಗು ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು. ಮೊದಲು ಚಳಿ ಇರಬೇಕು ಅಂದುಕೊಂಡಿದ್ದೆ.

ಅವಳಿಗೆ ಆಗ ಬೇಕಾಗಿದ್ದದ್ದು ಒಂದೇ. ಪ್ರಾಣಿ ಇಟ್ಟುಕೊಳ್ಳಲು ಬಿಡುವ ಒಂದು ಬಾಡಿಗೆ ಕೋಣೆ. ಅದು ಇಲ್ಲದೆ ಊರೆಲ್ಲ ಅಲೆದಿದ್ದಳು. ಇಲ್ಲಿಯ ಮನೆ ಮಾಲೀಕರು ನಾಯಿಗೇ ಒಪ್ಪುವುದಿಲ್ಲ, ಇವಳ ಪ್ರಾಣಿಗೆ ಯಾರು ಒಪ್ಪುತ್ತಾರೆ. ಮಗ ಕನ್ನಡದವಳೆಂದು ಒಪ್ಪಿದ. “ಗಾಜಿನ ಪೆಟ್ಟಿಗಿಯಾಗ ಇರ್ತಾವಲ್ರೀ, ನಮಗೇನು ತ್ರಾಸ” ಎಂದ. ಆಗ ಅವನ ಬಗ್ಗೆ ನನಗೆ ಹೆಮ್ಮೆಯಾಗಿತ್ತು. ಅದನ್ನೂ ಬರೆಯಬೇಕು.

ಪೆಟ್ಟಿಗೆ ಬಂದ ದಿನ ನಾನು ಬಗ್ಗಿ ನೋಡಿದೆ. ಮೊಳದುದ್ದದ ಮೈ, ಹೊಳೆಯುವ ಪಟ್ಟೆ, ಹಾವಿನಂಥ ತಲೆ. ಕಾಲು ನಾಲ್ಕಿದ್ದರೂ ಇಷ್ಟಿಷ್ಟೇ, ಯಾರೋ ಆಮೇಲೆ ನೆನಪಾಗಿ ಅಂಟಿಸಿದ ಹಾಗೆ. ನನ್ನನ್ನು ಕಂಡು ಬಾಯಿ ತೆರೆದು ನಾಲಿಗೆ ಚಾಚಿತು. ನಾಲಿಗೆ ನೀಲಿ, ಶಾಯಿ ಕುಡಿದ ಹಾಗೆ.

“ಇದು ಹಾವರಾಣಿ ಅಲ್ಲೇನ? ನಮ್ಮ ಕಡೆ ಹೊಲದಾಗ ಇರ್ತಾವ. ಕೋಲು ತಗೊಂಡು ಹೊಡೀತಿದ್ವಿ.”

“ಅದರ ನೆಂಟರು ಕಣಜ್ಜಿ. ಆಸ್ಟ್ರೇಲಿಯಾ ಕಡೆಯವು. ಇಲ್ಲಿ ಕೋಲು ತರಬೇಡಿ.”

ಅವಳಿಗೆ ಚಿಕ್ಕಂದಿನಿಂದ ಹಾವಿನ ಹುಚ್ಚು. ಮೈಸೂರಿನಲ್ಲಿ ಅವರ ಬೀದಿಯಲ್ಲಿ ಯಾರ ಮನೆಗೆ ಹಾವು ಹೊಕ್ಕರೂ ಶಾಲೆ ಬಿಟ್ಟು ನೋಡಲು ಓಡುತ್ತಿದ್ದಳಂತೆ. ದೊಡ್ಡವಳಾದ ಮೇಲೆ ಹಾವು ಸಾಕಿ ಮರಿ ಮಾಡಿಸಬೇಕು ಎಂದು ಮನಸ್ಸಿನಲ್ಲಿತ್ತು. ಮದುವೆಯಾಗಿ ಗಂಡನ ಹಿಂದೆ ಇಲ್ಲಿಗೆ ಬಂದಳು. ಈ ದೇಶದಲ್ಲಿ ಹಾವೇ ಇಲ್ಲ. ಸಾಕುವುದಿರಲಿ, ಒಂದು ಹಾವು ಹಡಗಿನಲ್ಲಿ ಬಂದರೂ ಸರಕಾರದವರು ಬೆನ್ನಟ್ಟುತ್ತಾರೆ. “ಇಷ್ಟು ದೊಡ್ಡ ಪ್ರಪಂಚದಲ್ಲಿ ಹಾವಿಲ್ಲದ ದೇಶ ಹುಡುಕಿ ಬಂದಿದೀನಿ ನೋಡಿ ಅಜ್ಜಿ, ನನ್ನ ಹಣೆಬರಹ” ಎನ್ನುತ್ತಿದ್ದಳು. ಹಾವು ಸಿಗದ್ದಕ್ಕೆ ಹಾವರಾಣಿ. ಇದಕ್ಕೆ ಇಲ್ಲಿ ಅಡ್ಡಿಯಿಲ್ಲ.

“ಗಂಡ ಎಲ್ಲದಾನ?” ಎಂದು ನಾನು ಎರಡನೆಯ ದಿನವೇ ಕೇಳಿದೆ. ನನಗೆ ಸುತ್ತಿ ಬಳಸಿ ಕೇಳಲು ಬರುವುದಿಲ್ಲ.

“ಸಿಡ್ನಿಯಲ್ಲಿ.”

“ಬಿಟ್ಟನೇನು?”

“ನಾನೇ ಬಿಟ್ಟೆ. ಅಲ್ಲಿ ಹಾವಿದಾವೆ, ಅದೊಂದಕ್ಕೆ ಹೊಟ್ಟೆಕಿಚ್ಚು.”

ಮರಿ ಮಾಡಿಸುವ ಕೆಲಸ ಅವಳಿಗೆ ಚೆನ್ನಾಗಿ ಗೊತ್ತಿತ್ತು ಎಂದು ಯಾರೂ ತಿಳಿಯಬಾರದು. ಏನೂ ಗೊತ್ತಿರಲಿಲ್ಲ. ಮೊದಲ ಜೋಡಿಯನ್ನು ಯಾರೋ ಒಬ್ಬ ಬಿಳಿ ದೊರೆಯ ಹತ್ತಿರ ಗಂಡು ಹೆಣ್ಣು ಎಂದು ನಂಬಿ ತಂದಿದ್ದಳು. ಈ ಪ್ರಾಣಿಯಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಮೇಲಿನಿಂದ ತಿಳಿಯುವುದಿಲ್ಲ. ಬೆಚ್ಚಗಿನ ದಿನ ನೋಡಿ ಎರಡನ್ನೂ ಒಂದೇ ಪೆಟ್ಟಿಗೆಗೆ ಬಿಟ್ಟು, ನನ್ನನ್ನೂ ಕರೆದಳು. ಕುರ್ಚಿ ಹಾಕಿಕೊಂಡು ಕೂತೆವು. ಒಂದು ಇನ್ನೊಂದರ ಕಾಲು ಕಚ್ಚಿ ಹಿಡಿಯಿತು.

“ಹೀಗೇ ಅಂತೆ ಅಜ್ಜಿ. ಮೊದಲು ಕಚ್ಚುತ್ತವಂತೆ.”

“ತಂಗಿ, ಇದು ಪ್ರೀತಿ ಅಲ್ಲ. ಇದು ಜಗಳ.”

“ನಿಮಗೆ ಹೇಗೆ ಗೊತ್ತು?”

“ನಾನು ಎಮ್ಮಿ ಕಟ್ಟಿದಾಕಿ. ಕ್ವಾಣಕ್ಕ ಕ್ವಾಣ ಬಿಟ್ಟಿದಿ ನೀ.”

ಬಿಡಿಸುವಷ್ಟರಲ್ಲಿ ಒಂದರ ಬೆರಳು ಹೋಗಿತ್ತು, ಇವಳ ಹೆಬ್ಬೆರಳಿಗೂ ಹಲ್ಲು ತಾಗಿತ್ತು. ಅರಿಶಿನ ಹಚ್ಚಿ ಕಟ್ಟಿದೆ. ಎರಡೂ ಗಂಡು. ಆ ಸಂಜೆ ಅವಳು ಅಡುಗೆ ಮಾಡಲಿಲ್ಲ. ನಾನು ರೊಟ್ಟಿ ಕೊಟ್ಟು ಬಂದೆ. ತಿನ್ನುತ್ತ, “ನೋಡೋಣ, ಕಲಿತರಾಯ್ತು” ಎಂದಳು. ಅದು ಅವಳ ಮಾತು. ಬಸ್ಸು ತಪ್ಪಿದರೂ ಅದೇ, ಬಲ್ಬು ಸುಟ್ಟರೂ ಅದೇ. ಒಂದು ಗಂಡನ್ನು ಯಾರಿಗೋ ಕೊಟ್ಟು, ಅಲ್ಲಿ ಇಲ್ಲಿ ವಿಚಾರಿಸಿ, ಕೊನೆಗೆ ಒಂದು ನಿಜವಾದ ಹೆಣ್ಣನ್ನು ತಂದಳು. ಅದು ದಪ್ಪ, ಸೋಮಾರಿ. ಬಾಳೆಹಣ್ಣು ಕಂಡರೆ ಮಾತ್ರ ಓಡುತ್ತಿತ್ತು.

ಪೆಟ್ಟಿಗೆಯಲ್ಲಿ ಬಿಸಿ ಸರಿಯಿದೆಯೇ ಎಂದು ನೋಡಲು ಅಳತೆಯ ಗಡಿಯಾರ ಇತ್ತು. ಆದರೂ ಪ್ರತಿ ಸಲ ಮುಂಗೈ ತಿರುವಿ, ನಾಡಿ ಬಡಿಯುವ ಜಾಗವನ್ನು ಬಿಸಿಗೆ ಹಚ್ಚಿದ ದೀಪದ ಕೆಳಗಿನ ಕಲ್ಲಿನ ಮೇಲೆ ಇಟ್ಟು ನೋಡುತ್ತಿದ್ದಳು, ಕೂಸಿಗೆ ಹಾಲು ಕುಡಿಸುವ ಮೊದಲು ನೋಡುವ ಹಾಗೆ. ಕೆಲಸದಿಂದ ಬಂದರೆ ಕೋಟು ಬಿಚ್ಚುವ ಮೊದಲು ಅದು. ಅವುಗಳಿಗೆ ಬೆಕ್ಕಿನ ಡಬ್ಬಿಯ ಮಾಂಸ ಹಾಕುತ್ತಿದ್ದಳು. ನಾವು ಲಿಂಗಾಯತರು, ಆ ವಾಸನೆ ನನಗೆ ಆಗುತ್ತಿರಲಿಲ್ಲ. ಅದನ್ನು ತಿಳಿದು, ನಾನು ಹೋದಾಗ ಡಬ್ಬಿ ಮುಚ್ಚಿ ಹೂಕೋಸಿನ ಎಲೆ ಹೆಚ್ಚುತ್ತ ಕೂರುತ್ತಿದ್ದಳು. ಅವಳೂ ಹುಟ್ಟಿದ್ದು ಮಾಂಸ ಮುಟ್ಟದ ಮನೆಯಲ್ಲೇ. “ಮೊದಲ ದಿನ ಡಬ್ಬಿ ತೆಗೆದು ಸಿಂಕಿಗೆ ವಾಂತಿ ಮಾಡಿದೆ ಅಜ್ಜಿ. ಎರಡನೇ ದಿನ ಮೂಗಿಗೆ ಬಟ್ಟೆ ಕಟ್ಟಿದೆ. ಈಗ ಏನೂ ಅನ್ನಿಸಲ್ಲ” ಎಂದಳು.

ಅಷ್ಟರಲ್ಲಿ ಶ್ರಾವಣ ಬಂತು.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು, ಹುತ್ತಕ್ಕೆ ಹಾಲೆರೆಯಬೇಕು. ಇಲ್ಲಿ ಹುತ್ತ ಎಲ್ಲಿ. ತಟ್ಟೆಯಲ್ಲಿ ಅರಿಶಿನದಿಂದ ಹಾವಿನ ಚಿತ್ರ ಬರೆದು ಮುಗಿಸುತ್ತಿದ್ದರು. ಆ ವರ್ಷ ಕೂಟದ ಮುಂದಾಳು ಹೆಂಗಸಿಗೆ ನಮ್ಮ ಹಿತ್ತಲ ಸುದ್ದಿ ತಿಳಿಯಿತು. ಎಲ್ಲರೂ ಅವಳನ್ನು ಅಕ್ಕಾವ್ರು ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹುಬ್ಬಳ್ಳಿಯವಳು, ಗಟ್ಟಿ ಗಂಟಲು, ಹೊಸದಾಗಿ ಬಂದವರಿಗೆ ಮನೆ ಹುಡುಕಿ ಕೊಡುವವಳು, ಬಾಣಂತಿಯರಿಗೆ ಗಂಜಿ ಒಯ್ಯುವವಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಅವಳ ಮಾತು ಯಾರು ಕೇಳುತ್ತಿದ್ದರು.

ಪಂಚಮಿಯ ಬೆಳಿಗ್ಗೆ ಮಳೆಗಾಳಿ. ಈ ದೇಶದಲ್ಲಿ ಶ್ರಾವಣ ಕಡುಚಳಿಯಲ್ಲಿ ಬರುತ್ತದೆ. ಅಕ್ಕಾವ್ರು ಬೆಳ್ಳಿ ಬಟ್ಟಲಲ್ಲಿ ಹಾಲು ಹಿಡಿದು, ಹಿಂದೆ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು, ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ಹಿತ್ತಲಿಗೆ ಬಂದರು. ಸೊಸೆಯೂ ಇದ್ದಳು, ನಾನೂ ಇದ್ದೆ. ಇವಳು ಬಾಗಿಲಲ್ಲಿ ಕೈ ಅಡ್ಡ ಇಟ್ಟು ನಿಂತಳು.

“ಇವು ಹಾಲು ಕುಡಿಯಲ್ಲ ಅಕ್ಕಾ.”

“ಕುಡೀಲಿ ಬಿಡ್ಲಿ, ನಾವು ಎರಿಯೂದು ನಮ್ಮ ಭಕ್ತಿ.”

“ಮಲಗಿವೆ. ಚಳಿಗಾಲ ಪೂರ್ತಿ ಮಲಗ್ತಾವೆ. ದೀಪ ಆರಿಸಿ, ಊಟ ಬಿಡಿಸಿ ಮಲಗಿಸಿದೀನಿ. ಈಗ ಎಬ್ಬಿಸಿ ಒದ್ದೆ ಮಾಡಿದ್ರೆ ಎದೆ ಕಟ್ಟಿ ಸಾಯ್ತವೆ. ಸರಿಯಾಗಿ ಮಲಗಿದ್ರೇನೇ ಅಕ್ಟೋಬರಲ್ಲಿ ಕೂಡೋದು.”

“ಶ್ರಾವಣದಾಗ ನಾಗಪ್ಪ ಮಲಗ್ತಾನೇನು?”

“ನೀವು ಶ್ರಾವಣದಲ್ಲಿ ಕೋಟು ಹಾಕ್ಕೊಂಡು ಬಂದಿದೀರಲ್ಲ ಅಕ್ಕಾ.”

ಹಿಂದಿನವರಲ್ಲಿ ಒಬ್ಬಳು ನಕ್ಕಳು. ಅಕ್ಕಾವ್ರು ತಿರುಗಿ ನೋಡಿದ ಕೂಡಲೇ ನಿಲ್ಲಿಸಿದಳು.

ನಾನು, “ಅಲ್ಲವಾ, ಇದಕ್ಕ ಕಾಲು ಅದಾವ. ಇದು ನಾಗಪ್ಪ ಹೆಂಗಾತು?” ಎಂದೆ.

“ಸಣ್ಣ ಕಾಲು ಅದಾವ ಬಿಡ್ರಿ ಅಜ್ಜಿ. ದೇವ್ರು ಅಷ್ಟೆಲ್ಲ ನೋಡಂಗಿಲ್ಲ.”

ಕೊನೆಗೆ ಒಂದು ಒಪ್ಪಂದವಾಯಿತು. ಒಳಗೆ ಒಂದು ಹನಿಯೂ ಬೀಳಬಾರದು. ಹೂವನ್ನು ಹಾಲಲ್ಲಿ ಅದ್ದಿ ಹೊರಗಿನ ಗಾಜಿಗೆ ಮುಟ್ಟಿಸಿದರು, ಕುಂಕುಮ ಹಚ್ಚಿದರು. ಒಳಗೆ ಅವು ಒಣಹುಲ್ಲಿನಡಿ ಹೂತುಕೊಂಡಿದ್ದವು, ಒಂದರ ಬಾಲದ ತುದಿ ಮಾತ್ರ ಕಾಣುತ್ತಿತ್ತು. ಎಲ್ಲರೂ ಹೊರಟ ಮೇಲೂ ಸೊಸೆ ಗಾಜಿನ ಮುಂದೆ ಕೈಮುಗಿದು ನಿಂತೇ ಇದ್ದಳು. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಇವಳು ಹೊರಗೆ ಮಳೆಯಲ್ಲಿ ಬಂದು ನಿಂತಳು, ಸೊಸೆಗೆ ಒಳಗೆ ಜಾಗ ಬಿಟ್ಟು. ಸೊಸೆ ಹೋದ ಮೇಲೆ ಇವಳು ಒಳಗೆ ಹೋಗಿ ಗಾಜು ಒರೆಸಿದಳು. ಕುಂಕುಮದ ಬೊಟ್ಟು ಮಾತ್ರ ಬಿಟ್ಟಳು.

ಅಕ್ಟೋಬರದಲ್ಲಿ ದೀಪ ಹಚ್ಚಿ, ಗಂಡನ್ನು ಹೆಣ್ಣಿನ ಹತ್ತಿರ ಬಿಟ್ಟಳು. ಈ ಸಲ ಜಗಳವಲ್ಲ ಎಂದು ನಾನೇ ನೋಡಿ ಹೇಳಿದೆ. ಹೆಣ್ಣಿನ ಕತ್ತಿನ ಮೇಲೆ ಹಲ್ಲಿನ ಗಾಯ ಆಗಿತ್ತು. ಇವಳು ಅದಕ್ಕೆ ಮುಲಾಮು ಹಚ್ಚುತ್ತ ಗಂಡಿಗೆ ಬೈಯುತ್ತಿದ್ದಳು. “ಎಲ್ಲ ಒಂದೇ ಜಾತಿ ಕಣಜ್ಜಿ ಇವು, ಸಿಡ್ನಿಯಲ್ಲಿದ್ರೂ ಪೆಟ್ಟಿಗೆಯಲ್ಲಿದ್ರೂ.” ಹೆಣ್ಣು ದಿನದಿಂದ ದಿನಕ್ಕೆ ದಪ್ಪವಾಯಿತು. ಈ ಪ್ರಾಣಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಬೇಸಿಗೆಯಲ್ಲಿ ಹಾಕಬಹುದು ಎಂದಳು. ಹಾಕಿದರೆ ಅವಳ ಕೈಯಲ್ಲಿ ಆದ ಮೊದಲ ಮರಿ ಅವು. ಹಾವರಾಣಿ ಸಾಕುವವರದು ಒಂದು ಗುಂಪಿದೆಯಂತೆ, ಅವರೊಳಗೆ ಮರಿ ಮಾಡಿಸಿದವರಿಗೇ ಬೆಲೆ. ಬರಿದೆ ಸಾಕಿದವರು ಮೂಲೆಯಲ್ಲಿ ನಿಂತು ಚಹಾ ಕುಡಿದು ಬರಬೇಕು.

ನವೆಂಬರದಲ್ಲಿ ಸೊಸೆ ಬಸುರಿ ಎಂದು ಗೊತ್ತಾಯಿತು.

ಅಲ್ಲಿಗೆ ಶುರುವಾಯಿತು. ಹಿತ್ತಲ ಕೋಣೆ ಗುಡಿಯಾಯಿತು. ಮಕ್ಕಳಿಲ್ಲದವರು, ಮಕ್ಕಳು ಓದದಿದ್ದವರು, ವೀಸಾ ಬರದಿದ್ದವರು, ಎಲ್ಲರೂ ಬಂದರು. ಅಕ್ಕಾವ್ರು ಕರೆದುಕೊಂಡು ಬರುತ್ತಿದ್ದರು. ತೆಂಗಿನಕಾಯಿ ಇಟ್ಟರು, ಬಾಳೆಹಣ್ಣು ಇಟ್ಟರು, ಒಬ್ಬಳು ಬುಟ್ಟಿಯಲ್ಲಿ ಕೋಳಿಮೊಟ್ಟೆ ತಂದಳು. ಇವಳು ಮೊಟ್ಟೆ ಬೇಯಿಸಿ ಹಾವರಾಣಿಗೆ ತಿನ್ನಿಸಿದಳು, ಕಾಯಿ ತುರಿದು ತಾನು ಚಟ್ನಿ ಮಾಡಿಕೊಂಡಳು. “ನಿಮ್ಮ ದೇವರಿಗೆ ಪ್ರೋಟೀನ್ ಸರಿಯಾಗಿ ಸಿಗ್ತಾ ಇದೆ ಅಜ್ಜಿ” ಎಂದು ಭುಜ ಕುಣಿಸಿದಳು. ಆದರೆ ಒಂದು ದಿನ ನನ್ನ ಹತ್ತಿರ ಬಂದು ಕೂತು, ನಗದೆ ಹೇಳಿದಳು.

“ಅಜ್ಜಿ, ಇದನ್ನ ನಿಲ್ಲಿಸಿ. ನನಗೆ ಭಯ ಆಗುತ್ತೆ.”

“ಯಾಕ? ಕೈ ಮುಗೀತಾರ, ಹೊಕ್ಕಾರ. ನಿನ್ನ ಗಂಟೇನು ಹೋತು?”

“ಒಳ್ಳೇದಾಗಿದ್ದಕ್ಕೆ ಇದು ಕಾರಣ ಅಂದ್ರೆ, ಕೆಟ್ಟದ್ದಾದ್ರೂ ಇದೇ ಕಾರಣ ಆಗುತ್ತೆ.”

ನಾನು ಅದನ್ನು ಮನೆಯಲ್ಲಿ ಹೇಳಿದೆ. ಮಗ, “ಹೋಗ್ಲಿ ಬಿಡು ಯವ್ವಾ, ಆಕಿಗೆ ಖುಷಿ ಐತಿ” ಎಂದ. ಆಕಿ ಎಂದರೆ ಸೊಸೆ. ಅವಳು ನಿಜವಾಗಿಯೂ ಖುಷಿಯಾಗಿದ್ದಳು. ಬೆಳಿಗ್ಗೆ ಎದ್ದು ವಾಂತಿ ಮಾಡಿಕೊಂಡು, ಹಾಗೇ ಹಿತ್ತಲಿಗೆ ಹೋಗಿ ಹೊಟ್ಟೆ ಉಬ್ಬಿದ ಆ ಪ್ರಾಣಿಯ ಮುಂದೆ ಕೂತು ಬರುತ್ತಿದ್ದಳು. ಇವಳೂ ಅವಳೂ ಚಹಾ ಕುಡಿಯುತ್ತಿದ್ದರು. “ಇಬ್ಬರಲ್ಲಿ ಯಾರು ಮೊದಲು ನೋಡೋಣ” ಎಂದು ಸೊಸೆಯೇ ಚೇಷ್ಟೆ ಮಾಡುತ್ತಿದ್ದಳು.

ಜನವರಿಯ ಕೊನೆಗೆ ಸೊಸೆಯ ಬಸುರು ಇಳಿದುಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರ್ ಹೆಂಗಸು, ಇದು ಯಾರ ತಪ್ಪೂ ಅಲ್ಲ, ಹೀಗಾಗುವುದುಂಟು, ಇನ್ನೊಂದು ಆಗುತ್ತದೆ ಎಂದಳಂತೆ. ಮಗ ಇಂಗ್ಲಿಷಿನಲ್ಲಿ ಕೇಳಿಕೊಂಡು ಬಂದು ನನಗೆ ಕನ್ನಡದಲ್ಲಿ ಹೇಳಿದ. ಸೊಸೆಯನ್ನು ಮನೆಗೆ ಕರೆತಂದೆವು. ಗೋಡೆ ಕಡೆ ಮುಖ ಮಾಡಿ ಮಲಗಿದವಳು ಏಳಲಿಲ್ಲ.

ಅದೇ ವಾರ ಹಾವರಾಣಿ ಮರಿ ಹಾಕಿತು.

ಮಧ್ಯಾಹ್ನ ಇವಳು ಹಿತ್ತಲ ಬಾಗಿಲಿಗೆ ಬಂದು ಕೈಸನ್ನೆ ಮಾಡಿದಳು. ಹೋದೆ. ತಾಯಿ ಮೂಲೆಯಲ್ಲಿ ಉಸಿರು ತೆಗೆಯುತ್ತಿತ್ತು, ಒಂದೊಂದೇ ಮರಿ ಬಿಳಿ ಪೊರೆಯಲ್ಲಿ ಸುತ್ತಿಕೊಂಡು ಬರುತ್ತಿತ್ತು. ಬಿದ್ದ ಕೂಡಲೇ ಪೊರೆ ಹರಿದು, ಅದನ್ನೇ ತಿಂದು, ತಲೆ ಎತ್ತಿ ನೀಲಿ ನಾಲಿಗೆ ಚಾಚುತ್ತಿತ್ತು. ಹುಟ್ಟಿದ ಗಳಿಗೆಯಿಂದ ಅವಕ್ಕೆ ತಾಯಿ ಬೇಕಿಲ್ಲ. ಒಟ್ಟಿಗೆ ಬಿಟ್ಟರೆ ಒಂದರ ಬೆರಳು ಒಂದು ಕಚ್ಚುತ್ತವೆ. ಅದಕ್ಕೆ ನಾನು ದೋಸೆ ಹಿಟ್ಟಿಗೆಂದು ಕೂಡಿಸಿಟ್ಟಿದ್ದ ಐಸ್‌ಕ್ರೀಂ ಡಬ್ಬಿಗಳನ್ನೆಲ್ಲ ತಂದು ಕೊಟ್ಟೆ. ಒಂದೊಂದರಲ್ಲಿ ಒಂದೊಂದು ಮರಿ. ಹತ್ತಕ್ಕಿಂತ ಹೆಚ್ಚೇ ಇದ್ದವು. ಎರಡು ವರ್ಷದಿಂದ ಕಾದದ್ದು ಆಗಿದ್ದರೂ ಅವಳ ಭುಜ ಕುಣಿಯಲಿಲ್ಲ. ಕಿಟಕಿಗೆ ಕಂಬಳಿ ಕಟ್ಟುತ್ತಿದ್ದಳು.

“ಅವರಿಗೆ ಗೊತ್ತಾಗೋದು ಬೇಡ ಅಜ್ಜಿ. ಮೊದಲು ನೆಟ್ಟಗಾಗ್ಲಿ. ಮರಿ ಗಟ್ಟಿಯಾದ್ಮೇಲೆ ಒಂದೊಂದೇ ಬೇರೆಯವರಿಗೆ ಕೊಟ್ಟುಬಿಡ್ತೀನಿ. ಹುಟ್ಟೇ ಇಲ್ಲ ಅನ್ನೋ ಹಾಗೆ.”

“ಹೂಂ” ಎಂದೆ. ನಾನು ಯಾರಿಗೂ ಹೇಳಲಿಲ್ಲ. ಅವಳೂ ಹೇಳಲಿಲ್ಲ.

ಎರಡು ದಿನದ ಮೇಲೆ ಅಕ್ಕಾವ್ರು ಸೊಸೆಗೆ ಗಂಜಿ ತಂದರು. ಗಂಜಿ ಇಟ್ಟು, ದೇವರಿಗೆ ಕೈ ಮುಗಿದು ಬರುತ್ತೇನೆ ಎಂದು ತಾವೇ ಹಿತ್ತಲಿಗೆ ಹೋದರು. ಇವಳು ಕೆಲಸಕ್ಕೆ ಹೋಗಿದ್ದಳು. ಬಾಗಿಲಿಗೆ ಬೀಗ ಹಾಕುವ ರೂಢಿ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೋದವರು ಸರಸರ ನಡೆದುಕೊಂಡು ವಾಪಸು ಬಂದು ಸೊಸೆಯ ಹಾಸಿಗೆಯ ಮೇಲೆ ಕೂತರು. ಅವಳ ಕೈ ಹಿಡಿದರು. ಅತ್ತುಬಿಟ್ಟರು ಕೂಡ. ನಾಟಕವಲ್ಲ, ನಿಜವಾಗಿ ಅತ್ತರು.

“ಅಲ್ಲೆ ತುಂಬ್ಯಾವ ನನ್ನವ್ವಾ. ಡಬ್ಬಿ ಡಬ್ಬಿಯೊಳಗ. ನಿನ್ನದು ಅಲ್ಲೇ ಹೋಗೇತಿ.”

ಸೊಸೆ ಅಷ್ಟು ದಿನದಲ್ಲಿ ಮೊದಲ ಸಲ ಈ ಕಡೆ ತಿರುಗಿದಳು. “ಅದಕ್ಕ ಅಷ್ಟು, ನನಗ ಒಂದೂ ಇಲ್ಲ” ಎಂದಳು. ನಾನು ಅಕ್ಕಾವ್ರ ಮೇಲೆ ಹರಿಹಾಯ್ದೆ.

“ಹಡದದ್ದು ಹಾವರಾಣಿ, ಬಸುರು ಇಳದದ್ದು ಈಕಿದು. ಅದಕ್ಕೂ ಇದಕ್ಕೂ ಏನು ಸಂಬಂಧ? ಬುದ್ಧಿ ಎಲ್ಲಿಟ್ಟು ಮಾತಾಡ್ತಿ ನೀ?”

“ಅಜ್ಜಿ, ನಾಗಪ್ಪನ್ನ ಪೆಟ್ಟಿಗಿಯಾಗ ಕೂಡಿ ಹಾಕಿದ್ರ ಶಾಪ ಹತ್ತದ ಬಿಡ್ತದೇನು?”

“ಪಂಚಮಿ ದಿನಾನೂ ಪೆಟ್ಟಿಗಿಯಾಗ ಇತ್ತಲ್ಲವಾ.”

ಸಂಜೆಯ ಹೊತ್ತಿಗೆ ಊರಿನ ಜೋಯಿಸರಿಗೆ ಫೋನ್ ಹೋಯಿತು, ಸರ್ಪದೋಷ ಎಂದು ಬಂತು. ಈ ಪ್ರಾಣಿಗೆ ಕಾಲಿದೆ ಎಂಬುದನ್ನು ಜೋಯಿಸರಿಗೆ ಯಾರೂ ಹೇಳಲಿಲ್ಲ.

ಮಗ ಕೆಲಸದಿಂದ ಬಂದ. ನಾನು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದೆ. “ದಿನಾ ವಿಮಾನ ಬಿಚ್ಚಿ ಕಟ್ಟಾಂವ ನೀ. ಡಾಕ್ಟರ್ ಹೇಳಿದ್ದನ್ನ ನಿನ್ನ ಕಿವಿಲೇ ಕೇಳಿದಿ. ನೀ ನಂಬ್ತಿ ಏನು ಇದನ್ನ?”

“ನಾ ನಂಬಂಗಿಲ್ಲ ಯವ್ವಾ.”

“ಮತ್ತ?”

“ಆಕಿ ನಂಬ್ಯಾಳ. ಕಿಟಕಿಯಾಗಿಂದ ಆ ಕೋಣಿ ಕಂಡ್ರ ಆಕಿ ಅಳ್ತಾಳ. ನಾ ಆಕೀ ಮುಖ ನೋಡ್ಲೋ, ಬಾಡಿಗಿಯಾಕೀ ಮುಖ ನೋಡ್ಲೋ? ನೀ ಸುಮ್ಕಿರು.”

ನಂಬಿ ಮಾಡಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅವಳು ಕೆಲಸದಿಂದ ಬಂದಾಗ ಇನ್ನೂ ಬಿಸಿಲಿತ್ತು. ನಾನು ಹಿತ್ತಲಲ್ಲಿ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಮಗ ಅವಳ ಬಾಗಿಲಿಗೆ ಹೋಗಿ ನಿಂತ. ಅವಳು ಕೋಟು ಬಿಚ್ಚದೆ, ಮುಂಗೈ ತಿರುವಿ ಕಲ್ಲಿನ ಬಿಸಿ ನೋಡುತ್ತಿದ್ದಳು.

“ಮೇಡಂ, ಊರಿಂದ ನಮ್ಮ ಮಾವ ಬರೂದು ಐತ್ರಿ. ರೂಮ್ ಬೇಕಾಗೇತಿ.”

“ಸರಿ. ಯಾವಾಗ ಬರ್ತಾರೆ?”

“ನಾಳೆ.”

ಅವಳು ಕಲ್ಲಿನ ಮೇಲಿನಿಂದ ಕೈ ತೆಗೆದಳು. “ಮರಿ ಹುಟ್ಟಿ ಒಂದು ವಾರಾನೂ ಆಗಿಲ್ಲ. ಒಂದು ತಿಂಗಳು ಕೊಡಿ, ಇಷ್ಟನ್ನೂ ದಾಟಿಸಿಬಿಡ್ತೀನಿ. ಇವನ್ನ ಇಟ್ಕೊಂಡು ನನ್ನನ್ನ ಯಾರೂ ಸೇರಿಸಲ್ಲ, ನಿಮಗೆ ಗೊತ್ತು.”

“ನಾಳೇನೇ ಬರ್ತಾರ್ರೀ, ಏನ್ ಮಾಡೂದು.”

ಅವಳು ನನ್ನ ಕಡೆ ತಿರುಗಿದಳು. “ಯಾರು ಬರ್ತಾರೆ ಅಜ್ಜಿ?”

“ಯಾರೂ ಬರಂಗಿಲ್ಲ ತಂಗಿ. ನಿನ್ನ ಹೊರಗ ಹಾಕಾಕ ಹತ್ಯಾನ.”

ಮಗ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಚಿಕ್ಕಂದಿನಲ್ಲಿ ಪೆಟ್ಟು ತಿಂದಾಗಲೂ ಹಾಗೆ ನೋಡಿರಲಿಲ್ಲ. ಅವಳು ತಲೆಯಾಡಿಸಿ, “ಗೊತ್ತು” ಎಂದಳು. ಆಮೇಲೆ ಸಾಮಾನು ತೆಗೆಯಲು ಶುರು ಮಾಡಿದಳು. ನಾಳೆಯವರೆಗೂ ಕಾಯಲಿಲ್ಲ.

ದೊಡ್ಡವೆರಡನ್ನು ತಲೆದಿಂಬಿನ ಚೀಲದಲ್ಲಿ ಹಾಕಿ ಬಾಯಿ ಕಟ್ಟಿದಳು. ಮರಿಗಳ ಡಬ್ಬಿಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಜೋಡಿಸಿ, ನಡುವೆ ಬಿಸಿನೀರಿನ ಬಾಟಲಿ ಇಟ್ಟು ಕಂಬಳಿ ಹೊದೆಸಿದಳು. ನಾನು ನೀರು ಕಾಯಿಸಿ ಕಾಯಿಸಿ ತಂದುಕೊಟ್ಟೆ. ಗಾಜಿನ ಪೆಟ್ಟಿಗೆ ಒಬ್ಬಳಿಂದ ಎತ್ತಲಾಗುವುದಿಲ್ಲ. ಮಗನೇ ಎತ್ತಿ ಅವಳ ಕಾರಿನಲ್ಲಿಟ್ಟ. ಜರುಗದ ಹಾಗೆ ಸೀಟಿನ ಬೆಲ್ಟು ಬಿಗಿದ, ಎಷ್ಟು ಜೋಪಾನವಾಗಿ ಎಂದರೆ ಒಳಗೆ ಕೂಸು ಮಲಗಿದೆ ಅನ್ನಬೇಕು. ಅವಳು ಥ್ಯಾಂಕ್ಸ್ ಎಂದಳು. ಅವನು ಪರವಾಗಿಲ್ಲ ಎಂದ.

“ಎಲ್ಲಿ ಹೊಕ್ಕಿ?” ಎಂದು ಕೇಳಿದೆ.

“ನೋಡೋಣ.” ಕಲಿತರಾಯ್ತು ಎನ್ನಲಿಲ್ಲ. ಕಾರಿನ ಬಾಗಿಲು ಹಾಕಿಕೊಂಡು ಕಿಟಕಿ ಇಳಿಸಿದಳು. “ನವೆಂಬರಲ್ಲಿ ದೇವರು ಮಾಡಿದ್ರಿ, ಫೆಬ್ರವರಿಗೆ ದೆವ್ವ ಮಾಡಿದ್ರಿ. ಪಾಪ, ಅದಕ್ಕೆ ಎರಡೂ ಗೊತ್ತಿಲ್ಲ ಅಜ್ಜಿ. ಅದು ಬಾಳೆಹಣ್ಣು ಕೇಳುತ್ತೆ ಅಷ್ಟೇ.”

ಬಹಳ ದಿನದ ಮೇಲೆ ಒಮ್ಮೆ ಫೋನ್ ಮಾಡಿದ್ದಳು. ಮೊದಲ ಕೆಲವು ದಿನ ಕಾರಿನಲ್ಲೇ ಮಲಗಿದಳಂತೆ, ಮರಿಗಳ ಬಿಸಿಗಾಗಿ ಯಂತ್ರ ಆರಿಸದೆ. ಅರ್ಧ ಮರಿ ಉಳಿದವು, ಅರ್ಧ ಹೋದವು. ಆಮೇಲೆ ಹ್ಯಾಮಿಲ್ಟನ್ನಿನಲ್ಲಿ ಒಬ್ಬ ಮುದುಕಿ ತನ್ನ ಗ್ಯಾರೇಜು ಬಿಟ್ಟುಕೊಟ್ಟಳು. ಅಲ್ಲಿ ಪ್ರತಿ ಬೇಸಿಗೆ ಮರಿ ಮಾಡಿಸಿದಳು. ಗುಂಪಿನವರು ಮರಿಗಾಗಿ ಅವಳ ಬಾಗಿಲಿಗೇ ಬರುತ್ತಿದ್ದರಂತೆ. “ಈಗ ಮೂಲೆಯಲ್ಲಿ ನಿಂತು ಚಹಾ ಕುಡಿಯೋ ಹಾಗಿಲ್ಲ ಅಜ್ಜಿ, ಎಲ್ಲರೂ ಮಾತಾಡಿಸ್ತಾರೆ” ಎಂದಳು. ಭುಜ ಕುಣಿಯುತ್ತಿತ್ತೋ ಇಲ್ಲವೋ, ಫೋನಿನಲ್ಲಿ ತಿಳಿಯಲಿಲ್ಲ. ನಮ್ಮ ಮನೆಯಲ್ಲೂ ಆಮೇಲೆ ಮೊಮ್ಮಗ ಹುಟ್ಟಿದ. ಎಲ್ಲರೂ ಶಾಂತಿ ಮಾಡಿಸಿದ್ದರ ಫಲ ಎಂದರು. ಸೊಸೆ ಈಗಲೂ ಹಾಗೇ ಹೇಳುತ್ತಾಳೆ. ನಾನು ವಾದಕ್ಕೆ ಹೋಗುವುದಿಲ್ಲ. ಮಗುವಿನ ಮುಂದೆ ಆ ಮಾತು ಬೇಡ.

ಆ ಶಾಂತಿ ನಡೆದದ್ದು ಅವಳು ಹೋದ ಮರುದಿನವೇ. ಅಕ್ಕಾವ್ರು ಗುಡಿಯ ಪೂಜಾರಿಯನ್ನು, ಕೂಟದ ಹೆಂಗಸರನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದರು. ಖಾಲಿ ಕೋಣೆಗೆ ಅರಿಶಿನ ನೀರು ಚಿಮುಕಿಸಿ ಮಂತ್ರ ಹೇಳಿಸಿದರು. ಮಗ ಪಂಚೆ ಉಟ್ಟು ಕೂತ. ನಾನು ಒಳಗೆ ಹೋಗಲಿಲ್ಲ. ಬೆಳಗಾಗುವ ಮೊದಲೇ ಎದ್ದು, ಸ್ನಾನ ಮಾಡಿ, ಅಷ್ಟೂ ಮಂದಿಗೆ ಆಗುವಷ್ಟು ರವೆ ಹುರಿದು ಉಪ್ಪಿಟ್ಟು ಮಾಡಿಟ್ಟಿದ್ದೆ. ಪೂಜೆ ಮುಗಿಸಿ ಬಂದವರಿಗೆಲ್ಲ ಬಡಿಸಿದೆ. ಅಕ್ಕಾವ್ರು ನಿಂತುಕೊಂಡೇ ತಿಂದರು. “ಭಾಳ ಹದಾ ಆಗೇತ್ರಿ ಅಜ್ಜಿ” ಎಂದರು. ಇನ್ನೊಂದೀಟು ಹಾಕಲೇನು ಎಂದು ಕೇಳಿ, ಅವರ ತಟ್ಟೆಗೆ ಹಾಕಿದೆ.